ಕುಶಾಲನಗರದ ಖಾಲಿ ಮಹಡಿಗೆ ಕಂಪನಿ ಯಾಕೆ ಬರಲಿಲ್ಲ?

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮದೊಂದು ಕಟ್ಟಡ ಇದೆ. ಕೆಳಗೆ ಅಂಗಡಿಗಳು. ಮೇಲಿನ ಮಹಡಿಯನ್ನು ಯಾವುದಾದರೂ ಸಾಫ್ಟ್‌ವೇರ್ ಕಂಪನಿಗೆ ಕೊಡಬೇಕು ಅಂತ ಎರಡು ವರ್ಷದಿಂದ ಖಾಲಿ ಇಟ್ಟುಕೊಂಡು ಕೂತಿದ್ದೇನೆ. ಬೆಂಗಳೂರಿನ ಅರ್ಧಕ್ಕಿಂತ ಕಮ್ಮಿ ಬಾಡಿಗೆ ಹೇಳಿದ್ದೇನೆ. ಒಳ್ಳೆ ಗಾಳಿ, ಒಳ್ಳೆ ನೀರು, ಟ್ರಾಫಿಕ್ ಕಾಟ ಇಲ್ಲ. ಮೂರು ಕಂಪನಿಯವರು ಬಂದು ನೋಡಿಕೊಂಡು ಹೋದರು, ಒಬ್ಬರೂ ತಿರುಗಿ ಫೋನ್ ಮಾಡಲಿಲ್ಲ. ಮಗಳು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾಳೆ. ಊರಿಗೆ ಬಾ ಅಂದರೆ 'ಅಪ್ಪಾ, ಅಲ್ಲಿ ಏನಿದೆ?' ಅಂತಾಳೆ. ಕೊಡಗಿನಂಥ ಊರಿಗೆ ಬಂಡವಾಳ ಯಾಕೆ ಬರೋದಿಲ್ಲ, ಓದಿದ ಮಕ್ಕಳು ಯಾಕೆ ನಿಲ್ಲೋದಿಲ್ಲ? ಸರ್ಕಾರ ಒಂದು ಐಟಿ ಪಾರ್ಕ್ ಕಟ್ಟಿದರೆ ಸರಿಹೋಗುತ್ತಾ?

ಉತ್ತರ: ನಿಮ್ಮ ಮಗಳು ಕೇಳಿದ ಆ ಒಂದು ಮಾತಿನಿಂದಲೇ ಶುರು ಮಾಡುತ್ತೇನೆ. 'ಅಲ್ಲಿ ಏನಿದೆ' ಅಂದಾಗ ಅವಳು ಮಾಲು, ಸಿನಿಮಾ, ಪಿಜ್ಜಾ ಅಂಗಡಿ ಕೇಳುತ್ತಿಲ್ಲ. ಅವಳ ಚಿಂತೆ ಬೇರೆ. ನಾಳೆ ಈ ಕೆಲಸ ಹೋದರೆ, ಕಂಪನಿ ಬಾಗಿಲು ಹಾಕಿದರೆ, ಇಲ್ಲಾ ಮೇಲಿನವರ ಜೊತೆ ಸರಿಹೋಗದಿದ್ದರೆ, ನಾಡಿದ್ದು ನಾನು ಎಲ್ಲಿಗೆ ಹೋಗಲಿ? ಬೆಂಗಳೂರಿನಲ್ಲಾದರೆ ಅದೇ ಬಾಡಿಗೆ ಮನೆ, ಅದೇ ಬಸ್ಸು, ಇಳಿಯುವ ಸ್ಟಾಪ್ ಮಾತ್ರ ಬೇರೆ. ಕುಶಾಲನಗರದಲ್ಲಾದರೆ ಮನೆ ಖಾಲಿ ಮಾಡಿ, ಮಕ್ಕಳಿದ್ದರೆ ಶಾಲೆ ಬಿಡಿಸಿ, ಊರೇ ಬಿಡಬೇಕು.

ಇದೇ ಪ್ರಶ್ನೆ ಕಂಪನಿ ನಡೆಸುವವರಿಗೂ ಇದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಣ್ಣ ಕಂಪನಿಗಳಿಗೆ ಜಾಗ ಹುಡುಕಿ, ಖರ್ಚಿನ ಲೆಕ್ಕ ಹಾಕಿ ಕೊಡುವುದು ಬಹಳ ವರ್ಷ ನನ್ನ ಕಸುಬಾಗಿತ್ತು. ನಾನೂ ಸೋಮವಾರಪೇಟೆ ಕಡೆಯವನೇ. ಹಾಗಾಗಿ ಯಾರಾದರೂ 'ಬೆಂಗಳೂರು ಬಿಟ್ಟು ಹೊರಗೆ ನೋಡೋಣ' ಅಂದರೆ ಸಾಕು, ಮೊದಲು ಕೊಡಗಿನ ಹೆಸರನ್ನೇ ಹೇಳುತ್ತಿದ್ದೆ. ಒಂದು ಜುಲೈನಲ್ಲಿ ಇಪ್ಪತ್ತು ಜನರ ಕಂಪನಿಯೊಂದರ ಯಜಮಾನರನ್ನು ಮಡಿಕೇರಿಗೆ ಕರೆತಂದೆ. ಜೋರು ಮಳೆ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಕರೆಂಟ್ ಹೋಯಿತು. ಇನ್ನು ಮುಗೀತು ಅಂದುಕೊಂಡೆ. ಅವರು ಅದನ್ನು ತಲೆಗೇ ಹಚ್ಚಿಕೊಳ್ಳಲಿಲ್ಲ. 'ಯುಪಿಎಸ್ ಹಾಕಿಸಿದರೆ ಆಯ್ತು' ಅಂದರು. ಆಮೇಲೆ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ನಾಲ್ಕು ಹೆಸರು ಬರೆದರು. ಸರ್ವರ್ ನೋಡಿಕೊಳ್ಳುವ ಹುಡುಗ, ಟೆಸ್ಟಿಂಗ್ ನೋಡುವ ಹುಡುಗಿ, ಇನ್ನಿಬ್ಬರು ಹಿರಿಯರು. ಆ ಹುಡುಗಿಯ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು: 'ಇವಳು ನಾಳೆ ಬಿಟ್ಟು ಹೋದರೆ ಇಂಥದ್ದೇ ಅನುಭವ ಇರೋ ಇನ್ನೊಬ್ಬರನ್ನು ಇಲ್ಲಿ ಎಷ್ಟು ದಿನಕ್ಕೆ ಹುಡುಕಿ ಕೊಡ್ತೀರಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿನಲ್ಲಾದರೆ ಎರಡು ವಾರ ಅನ್ನಬಹುದಿತ್ತು. ಮೈಸೂರಿನಲ್ಲಿ ಒಂದು ತಿಂಗಳು. ಮಡಿಕೇರಿಯಲ್ಲಿ? ಆ ಬಿಲ್ಲು ಬಹಳ ದಿನ ನನ್ನ ಪರ್ಸಿನಲ್ಲೇ ಇತ್ತು.

ನಿಮ್ಮ ಮಗಳಿಗೆ ಎರಡನೇ ಕೆಲಸ ಕಾಣುತ್ತಿಲ್ಲ, ಆ ಯಜಮಾನರಿಗೆ ಎರಡನೇ ಆಳು ಕಾಣುತ್ತಿಲ್ಲ. ಇಬ್ಬರದ್ದೂ ಒಂದೇ ಭಯ. ಅವಳು ಬರಲಿ ಅಂತ ಅವರು ಕಾಯುತ್ತಾರೆ, ಅವರು ಬರಲಿ ಅಂತ ಅವಳು ಕಾಯುತ್ತಾಳೆ. ಹಿಂದುಳಿದ ಊರುಗಳ ಕಥೆಯ ಮುಕ್ಕಾಲು ಪಾಲು ಇಷ್ಟೇ. ಸಂತೆಯನ್ನು ನೆನೆಸಿಕೊಳ್ಳಿ. ಸಂತೆ ದಿನ ತರಕಾರಿಯವರು ಒಂದು ಗೇಣು ಜಾಗಕ್ಕೆ ಜಗಳ ಆಡುತ್ತಾರೆ, ಸುಂಕ ಕೊಟ್ಟು ಕೂರುತ್ತಾರೆ. ಅದೇ ಮೈದಾನವನ್ನು ಮಾರನೇ ದಿನ ಪುಕ್ಕಟೆ ಕೊಡ್ತೀನಿ ಅನ್ನಿ, ಯಾರು ಬರುತ್ತಾರೆ? ಜನ ಸೇರುತ್ತಾರೆ ಅನ್ನೋ ನಂಬಿಕೆಗೆ ಅವರು ದುಡ್ಡು ಕೊಡೋದು, ಜಾಗಕ್ಕಲ್ಲ.

ಅದಕ್ಕೇ ನಿಮ್ಮ ಕಮ್ಮಿ ಬಾಡಿಗೆ ಕೆಲಸ ಮಾಡಲಿಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಜನ, ತಲೆಗೆ ಸರಾಸರಿ 60 ಸಾವಿರ ಸಂಬಳ ಅಂದರೆ ತಿಂಗಳಿಗೆ 12 ಲಕ್ಷ. ಬೆಂಗಳೂರಿನಲ್ಲಿ ಒಂದು ಸೀಟಿಗೆ 8 ಸಾವಿರದಂತೆ ಬಾಡಿಗೆ 1 ಲಕ್ಷ 60 ಸಾವಿರ ಅಂತಿಟ್ಟುಕೊಳ್ಳಿ. ನೀವು 60 ಸಾವಿರಕ್ಕೆ ಕೊಟ್ಟಿರಿ. ತಿಂಗಳಿಗೆ 1 ಲಕ್ಷ ಉಳಿಯಿತು, ವರ್ಷಕ್ಕೆ 12 ಲಕ್ಷ. ಕೇಳೋಕೆ ದೊಡ್ಡ ಮೊತ್ತ, ಅಲ್ವಾ? ಆದರೆ ಆ ಟೆಸ್ಟಿಂಗ್ ಹುಡುಗಿ ಹೋಗಿ ಮೂರು ತಿಂಗಳು ಆ ಜಾಗ ಖಾಲಿ ಉಳಿದು, ಗಿರಾಕಿಗೆ ಕೊಟ್ಟ ಗಡುವು ತಪ್ಪಿ, ಒಂದೇ ಒಂದು ಕಂತು ನಿಂತುಹೋದರೂ ಆ 12 ಲಕ್ಷ ಹೋಯಿತು. ಗಿರಾಕಿಯೇ ಕೈಬಿಟ್ಟರೆ ಕಂಪನಿಯೇ ಹೋಯಿತು. ಅಕ್ಕಿ ಗಿರಣಿಗೋ ಗೋದಾಮಿಗೋ ಬಾಡಿಗೆ ದೊಡ್ಡ ಖರ್ಚು. ಈ ಕಸುಬಿನಲ್ಲಿ ಖರ್ಚೆಲ್ಲ ಮನುಷ್ಯರ ಮೇಲೆ. ಮನುಷ್ಯರು ಸಿಗುವ ಕಡೆಗೇ ಅದು ಹೋಗುತ್ತದೆ.

ಬೆಂಗಳೂರಿಗೆ ಈ ಸಂತೆ ಹೇಗೆ ಕೂಡಿತು? ಅದು ಒಂದು ಸರ್ಕಾರದ ಒಂದು ನಿರ್ಧಾರದಿಂದ ಆದದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಬಂದಿದ್ದು 1909ರಲ್ಲಿ. ವಿಮಾನ ಕಾರ್ಖಾನೆ ಎಚ್‌ಎಎಲ್ 1940ರಲ್ಲಿ. ಆಮೇಲೆ ಎಲೆಕ್ಟ್ರಾನಿಕ್ಸ್‌ನ ಬಿಇಎಲ್, ಟೆಲಿಫೋನ್ ಮಾಡುವ ಐಟಿಐ, ಇಸ್ರೋ. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಅಷ್ಟು ಹೊತ್ತಿಗೆ ಆ ಊರಿನಲ್ಲಿ ಎರಡು ತಲೆಮಾರಿನ ಇಂಜಿನಿಯರ್‌ಗಳು ಸಂಸಾರ ಹೂಡಿ ಆಗಿತ್ತು. ಅವರ ಮಕ್ಕಳೂ ಅದನ್ನೇ ಓದುತ್ತಿದ್ದರು. 1909ರಿಂದ 1985 ಅಂದರೆ 76 ವರ್ಷ. ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 2007ರಲ್ಲಿ. ಅದು ಹೊಸ ಗಿಡ. ಅದರಿಂದ ಈಗಲೇ ಫಸಲು ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬಾರದು.

ಕೊಡಗಿನ ಜನ ಎಷ್ಟಿದ್ದಾರೆ ಅನ್ನೋದನ್ನೂ ನೋಡಬೇಕು. 2001ರ ಜನಗಣತಿಯಲ್ಲಿ 5 ಲಕ್ಷ 48 ಸಾವಿರ. 2011ರಲ್ಲಿ 5 ಲಕ್ಷ 54 ಸಾವಿರ. ಹತ್ತು ವರ್ಷಕ್ಕೆ ಇಡೀ ಜಿಲ್ಲೆಯಲ್ಲಿ ಜಾಸ್ತಿಯಾಗಿದ್ದು ಆರು ಸಾವಿರ ಜನ, ಶೇಕಡಾ ಒಂದರಷ್ಟು. ಅದೇ ಹತ್ತು ವರ್ಷದಲ್ಲಿ ಕರ್ನಾಟಕದ ಜನಸಂಖ್ಯೆ ಶೇಕಡಾ 15ಕ್ಕೂ ಮೇಲೆ ಏರಿತು. ನಮ್ಮಲ್ಲಿ ಮಕ್ಕಳು ಹುಟ್ಟಲಿಲ್ಲ ಅಂತಲ್ಲ, ಹುಟ್ಟಿದವರು ಹೊರಟರು. ಮಡಿಕೇರಿ ಪಟ್ಟಣ ಅಂದರೆ 2011ರಲ್ಲಿ 33 ಸಾವಿರ ಜನ. ಬೆಂಗಳೂರಿನ ಒಂದು ವಾರ್ಡಿಗೆ ಸಾಲುವಷ್ಟು.

ಹೊರಡುವುದು ನಮ್ಮಲ್ಲಿ ಹಳೇ ರೂಢಿ. ಕಾರ್ಯಪ್ಪ, ತಿಮ್ಮಯ್ಯನವರ ಕಾಲದಿಂದ ಸೈನ್ಯಕ್ಕೆ ಹೋದರು. ಆಮೇಲೆ ಬ್ಯಾಂಕು, ಹೋಟೆಲು, ಕ್ರೀಡೆ, ಈಗ ಸಾಫ್ಟ್‌ವೇರ್. ಓದಿನ ದಾರಿ ಚಿಕ್ಕಂದಿನಿಂದಲೇ ಮೈಸೂರು, ಮಂಗಳೂರಿನ ಹಾಸ್ಟೆಲಿಗೆ ಹೋಗುತ್ತದೆ. ಹತ್ತನೇ ಕ್ಲಾಸಿಗೇ ಪೆಟ್ಟಿಗೆ ಕಟ್ಟಿದ ಹುಡುಗಿಗೆ ಸ್ನೇಹಿತರು ಹೊರಗೆ, ಪರಿಚಯಗಳು ಹೊರಗೆ. ಕೈಲ್‌ಪೊಳ್ದ್, ಹುತ್ತರಿ ಹಬ್ಬಗಳಿಗೆ ಬಂದು ಹೋಗುವ ನೆಂಟಳಾಗಿಬಿಡುತ್ತಾಳೆ. ತಂದೆ ತಾಯಿ ಒಳ್ಳೆಯದಕ್ಕೇ ಕಳಿಸಿದ್ದು. ನನ್ನ ತಂದೆಯೂ ಹಾಗೇ ಕಳಿಸಿದ್ದರು. ಆದರೆ ಇದರ ಬೆಲೆಯನ್ನು ಜಿಲ್ಲೆ ಕೊಡುತ್ತಿದೆ.

ಈಗ ದುಡ್ಡಿನ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ 'ಕೊಡಗಿನಲ್ಲಿ ದುಡ್ಡಿಲ್ಲ' ಅನ್ನೋದು ಸುಳ್ಳು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಒಂದು ಜಿಲ್ಲೆಯಲ್ಲಿ ಬೆಳೆಯುತ್ತದೆ. ಬೆಲೆ ಬಂದ ವರ್ಷ ಕಣದಿಂದ ಲಾರಿ ಹೊರಟಾಗ ಎಷ್ಟು ಹಣ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹಣ ಎಲ್ಲಿಗೆ ಹೋಗುತ್ತದೆ? ಮೈಸೂರಿನಲ್ಲಿ ಒಂದು ಸೈಟು. ಬೆಂಗಳೂರಿನಲ್ಲಿ ಒಂದು ಫ್ಲಾಟು. ಮಕ್ಕಳ ಓದು. ಉಳಿದದ್ದು ಬ್ಯಾಂಕಿನ ಡಿಪಾಸಿಟ್ಟು. ಇದೂ ಬುದ್ಧಿವಂತಿಕೆಯೇ. ಕಾಫಿ ಬೆಳೆಗಾರನಿಗೆ ಒಂದು ಹೂಮಳೆ (ಗಿಡದಲ್ಲಿ ಹೂ ಅರಳಿಸುವ ಮಳೆ) ತಪ್ಪಿದರೆ ವರ್ಷ ತಪ್ಪಿತು. ಬೆಲೆ ನಿರ್ಧಾರ ಆಗುವುದು ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ. 1990ರ ದಶಕದ ನಡುವಿನ ತನಕ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕಿತ್ತು, ಲಾಭವೂ ಕಮ್ಮಿ, ಏಟೂ ಕಮ್ಮಿ. ಮುಕ್ತ ಮಾರುಕಟ್ಟೆ ಬಂದ ಮೇಲೆ ಎರಡನ್ನೂ ಬೆಳೆಗಾರನೇ ಹೊರಬೇಕಾಯಿತು. ಕಸುಬಿನಲ್ಲೇ ಇಷ್ಟು ಏರಿಳಿತ ಇರುವವನು ಉಳಿತಾಯವನ್ನು ಇನ್ನೊಂದು ಅಪಾಯಕ್ಕೆ ಹಾಕುತ್ತಾನಾ? ಗಟ್ಟಿ ನೆಲಕ್ಕೇ ಹಾಕುತ್ತಾನೆ. ಆ ನೆಲ ಬೇರೆ ಊರಿನಲ್ಲಿರುತ್ತದೆ, ಅಷ್ಟೇ. ಹೀಗೆ ನಮ್ಮ ತೋಟದ ದುಡ್ಡು ಮೈಸೂರಿನ ಬಡಾವಣೆಗಳಾಗಿ ನಿಂತಿದೆ.

ಇಲ್ಲಿನ ನೆಲದ ಮೇಲೆ ಸಾಲ ಎತ್ತೋಣ ಅಂದರೆ ಕಾಗದ ಅಡ್ಡ ಬರುತ್ತದೆ. ಜಮ್ಮಾ ಬಾಣೆ, ಅಂದರೆ ತಲೆಮಾರಿನಿಂದ ಮನೆತನಕ್ಕೆ ಬಂದ, ಗದ್ದೆಗೆ ಸೇರಿದ ಎತ್ತರದ ಜಾಗದ ಪಹಣಿ ತೆಗೆದು ನೋಡಿ. ಎಷ್ಟೋ ಕಡೆ ಒಕ್ಕದ, ಅಂದರೆ ಮನೆತನದ, ಹಿರಿಯರಾದ ಪಟ್ಟೆದಾರರ ಹೆಸರಿನಲ್ಲೇ ಇರುತ್ತದೆ. ಅವರು ತೀರಿಕೊಂಡು ಮೂವತ್ತು ವರ್ಷ ಆಗಿರಬಹುದು. ಉಳುಮೆ ಮಾಡುವವರು ಒಬ್ಬರು, ಹಕ್ಕಿರುವವರು ಹದಿನೆಂಟು ಮಂದಿ, ಅದರಲ್ಲಿ ಐವರು ವಿದೇಶದಲ್ಲಿ. ಬ್ಯಾಂಕಿನವರು ಎಲ್ಲರ ಸಹಿ ಕೇಳುತ್ತಾರೆ. ಹೊರಗಿನ ಹೂಡಿಕೆದಾರನ ವಕೀಲ ಆ ಪಹಣಿ ನೋಡಿದ ದಿನವೇ ಕಡತ ಮುಚ್ಚುತ್ತಾನೆ. ಈ ಪದ್ಧತಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಐನ್‌ಮನೆಗಳ (ಮನೆತನದ ಮೂಲ ಮನೆಗಳ) ಸುತ್ತ ಇಷ್ಟು ಕಾಡು ಉಳಿಯುತ್ತಿರಲಿಲ್ಲ. ಆದರೆ ಪಹಣಿಯಲ್ಲಿ ಬದುಕಿರುವವರ ಹೆಸರು ಇರಬೇಕು. ಅದು ಐಟಿ ಪಾರ್ಕಿಗಿಂತ ಮೊದಲು ಆಗಬೇಕಾದ ಕೆಲಸ, ಮತ್ತು ಪೂರ್ತಿ ಸರ್ಕಾರದ ಕೈಯಲ್ಲಿರುವ ಕೆಲಸ.

ರಸ್ತೆ, ರೈಲು, ಮಳೆ ಬಗ್ಗೆ ನಿಮಗೇ ಗೊತ್ತು. ಜಿಲ್ಲೆಯಲ್ಲಿ ಒಂದೂ ರೈಲು ನಿಲ್ದಾಣ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ಹೆದ್ದಾರಿಯೇ ಕಡಿದುಹೋಯಿತು. ಹೂಡಿಕೆದಾರರು ಆ ಫೋಟೋಗಳನ್ನು ಇನ್ನೂ ಮರೆತಿಲ್ಲ. ಬೆಟ್ಟ ಕಡಿದು ದೊಡ್ಡ ಕಟ್ಟಡ ಎಬ್ಬಿಸುವ ಯಾವ ಯೋಜನೆಯನ್ನೂ ನಾನು ಬೆಂಬಲಿಸೋದಿಲ್ಲ. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ಹುಟ್ಟೋದು ಇಲ್ಲಿ. ಈ ಬೆಟ್ಟ ಹೋದರೆ ಆ ಊರಿಗೂ ಉಳಿಗಾಲ ಇಲ್ಲ.

ಆದರೆ ಒಂದು ವಿಷಯ ಬಹಳ ಜನರ ಗಮನಕ್ಕೆ ಬರೋದಿಲ್ಲ. ಇಂಟರ್‌ನೆಟ್. ಎರಡು ಬೇರೆ ಬೇರೆ ಕಂಪನಿಯ ಕನೆಕ್ಷನ್ ಇದೆ, ಒಂದು ಹೋದರೆ ಇನ್ನೊಂದು ಅಂತ ಧೈರ್ಯವಾಗಿರುತ್ತೇವೆ. ಎರಡೂ ಕೇಬಲ್ ಒಂದೇ ರಸ್ತೆಯ ಪಕ್ಕ, ಒಂದೇ ಕಂಬದ ಸಾಲಿನಲ್ಲಿ ಹೋಗಿರುತ್ತವೆ. ಸಿಲ್ವರ್ ಓಕ್ ಮರ ಒಂದು ಬಿದ್ದರೆ ಎರಡೂ ಹೋದವು. ಕಂಪನಿಯವರು ಕೇಳೋದು 'ಎಷ್ಟು ಸ್ಪೀಡ್' ಅಂತಲ್ಲ, 'ಎರಡನೇ ದಾರಿ ಯಾವುದು' ಅಂತ. ಒಂದು ಲೈನು ಪಿರಿಯಾಪಟ್ಟಣದ ಕಡೆಯಿಂದ, ಇನ್ನೊಂದು ಹಾಸನದ ಕಡೆಯಿಂದ ಬರುವ ಹಾಗಿದ್ದರೆ ಆ ಮಾತೇ ಬೇರೆ. ಕುಶಾಲನಗರ ಬಯಲಿನಲ್ಲಿದೆ, ಮಡಿಕೇರಿಗಿಂತ ಅಲ್ಲಿ ಇದು ಸುಲಭ.

ಆಸ್ಪತ್ರೆಯ ವಿಷಯವೂ ಹಾಗೇ. 2019ರ ಜೂನ್‌ನಲ್ಲಿ ಕೊಡಗಿಗೊಂದು ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ಎಷ್ಟು ದೊಡ್ಡ ಕೂಗು ಎದ್ದಿತ್ತು ನೆನಪಿದೆಯಾ? ಅದರಲ್ಲಿ ದನಿ ಸೇರಿಸಿದವರಲ್ಲಿ ಹೊರಗಿರುವ ನಮ್ಮ ಮಕ್ಕಳೂ ಇದ್ದರು. ವಾಪಸ್ ಬರೋಕೆ ಏನು ಬೇಕು ಅಂತ ಅವರು ಅವತ್ತೇ ಹೇಳಿದ್ದರು. ಮೂವತ್ತೈದು ವರ್ಷದ ಇಂಜಿನಿಯರ್ ಊರಿಗೆ ಬರಬೇಕಾದರೆ ಹೆಂಡತಿಗೂ ಕೆಲಸ ಬೇಕು, ಮಗುವಿಗೆ ಶಾಲೆ ಬೇಕು, ರಾತ್ರಿ ಅಪ್ಪನಿಗೆ ಎದೆ ನೋವು ಬಂದರೆ ಮಡಿಕೇರಿಯಿಂದ ಮೈಸೂರಿನ ತನಕ 120 ಕಿಲೋಮೀಟರ್ ಓಡಿಸದೆ ಇರುವ ಹಾಗಿರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅವನು ಬರೋದಿಲ್ಲ.

2020ರಲ್ಲಿ ಕೊರೊನಾ ಹೊತ್ತಿಗೆ ಎಲ್ಲರೂ ಮನೆಗೆ ಬಂದಿದ್ದರಲ್ಲ ಅಂತ ನೀವು ಕೇಳಬಹುದು. ಬಂದಿದ್ದರು. ತೋಟದ ನಡುವೆ ಎತ್ತರದ ಜಾಗ ಹುಡುಕಿ ಸಿಗ್ನಲ್‌ಗೋಸ್ಕರ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. ನೋಡೋಕೆ ಸಂತೋಷವಾಗಿತ್ತು. ಆದರೆ ಅವತ್ತು ಊರಿಗೆ ಬಂದಿದ್ದು ಸಂಬಳ. ಕಂಪನಿ ಬರಲಿಲ್ಲ. ಕರೆದ ಕೂಡಲೇ ಹೊರಟರು. ಇಪ್ಪತ್ತೆರಡರ ಹುಡುಗ ಈ ಕೆಲಸ ಕಲಿಯೋದು ಪಕ್ಕದ ಕುರ್ಚಿಯಲ್ಲಿ ಕೂತ ಹಿರಿಯರನ್ನು ನೋಡಿ. ಮನೆಯಲ್ಲಿ ಒಬ್ಬನೇ ಕೂತರೆ ಮೂರು ವರ್ಷಕ್ಕೆ ಕಲಿಯೋದನ್ನು ಆರು ವರ್ಷಕ್ಕೆ ಕಲಿಯುತ್ತಾನೆ.

ಇನ್ನು ಐಟಿ ಪಾರ್ಕ್. ಬೇಡ ಅಂತ ನೇರವಾಗಿ ಹೇಳುತ್ತೇನೆ. ಗಾಜಿನ ಕಟ್ಟಡ ಕಟ್ಟಿದರೆ ಅದು ನಿಮ್ಮ ಮೇಲಿನ ಮಹಡಿಯದ್ದೇ ದೊಡ್ಡ ರೂಪ ಆಗುತ್ತದೆ. ಜಾಗದ ಕೊರತೆ ನಮಗೆ ಯಾವತ್ತೂ ಇರಲಿಲ್ಲ.

ಸಣ್ಣ ಊರುಗಳಲ್ಲಿ ನಿಂತ ಕಂಪನಿಗಳನ್ನು ನೋಡಿ. ಉಡುಪಿಯಲ್ಲಿ ರೋಬೋಸಾಫ್ಟ್ 1996ರಲ್ಲಿ ಶುರುವಾಯಿತು. ಪಕ್ಕದಲ್ಲೇ ಮಣಿಪಾಲದ ಇಂಜಿನಿಯರಿಂಗ್ ಕಾಲೇಜು 1957ರಿಂದ ಇತ್ತು. ತಮಿಳುನಾಡಿನ ತೆಂಕಾಶಿಯ ಹತ್ತಿರದ ಹಳ್ಳಿಯಲ್ಲಿ ಜೋಹೋ 2011ರಲ್ಲಿ ಕಚೇರಿ ತೆರೆಯಿತು. ಅಲ್ಲಿ ಆಳು ಸಿಗೋದಿಲ್ಲ ಅಂತ ಅವರಿಗೂ ಗೊತ್ತಿತ್ತು. ಪಿಯುಸಿ, ಡಿಪ್ಲೊಮಾ ಮುಗಿಸಿದ ಮಕ್ಕಳನ್ನು ತಾವೇ ಸೇರಿಸಿಕೊಂಡು, ಕಲಿಯುವಾಗಲೂ ಹಣ ಕೊಟ್ಟು, ತಯಾರು ಮಾಡಿಕೊಳ್ಳುವ ಪದ್ಧತಿ ಆ ಕಂಪನಿಯಲ್ಲಿ ಅದಕ್ಕೂ ಮೊದಲಿನಿಂದ ಇತ್ತು. ಅಂದರೆ 'ಎರಡನೇ ಆಳು ಎಲ್ಲಿ' ಅನ್ನೋ ಪ್ರಶ್ನೆಗೆ ಅವರು ಉತ್ತರವನ್ನು ತಾವೇ ಬೆಳೆಸಿಕೊಂಡರು. ಅದಕ್ಕೆ ಊರಿನ ಮೇಲೆ ಪ್ರೀತಿ, ಕೈಯಲ್ಲಿ ಸ್ವಂತ ದುಡ್ಡು, ಐದಾರು ವರ್ಷದ ತಾಳ್ಮೆ ಮೂರೂ ಬೇಕು. ಮೂರು ತಿಂಗಳ ಲಾಭ ನೋಡುವ ಹೊರಗಿನ ಹೂಡಿಕೆದಾರನಿಗೆ ಅದು ಆಗದ ಮಾತು. ಊರಿನವರೇ ಮಾಡಬೇಕು.

ಕೊಡಗಿನಲ್ಲಿ ಮಾಡುವಂಥ ಕೆಲಸ ಯಾವುದು? ಬೆಂಗಳೂರಿನಲ್ಲಿ ಆಗುವುದನ್ನೇ ಇಲ್ಲಿ ಅಗ್ಗವಾಗಿ ಮಾಡ್ತೀವಿ ಅಂದರೆ ಸೋಲುತ್ತೇವೆ. ಇಲ್ಲೇ ಮಾಡಿದರೆ ಚೆನ್ನ ಅನ್ನುವ ಕೆಲಸ ಬೇಕು. ಒಂದು ಕಣ್ಣೆದುರೇ ಇದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವ ಹಾಗಿಲ್ಲ. ಪ್ರತಿ ತೋಟದ ಜಾಗವನ್ನು ಉಪಗ್ರಹದ ಗುರುತಿನ ಸಮೇತ ತೋರಿಸಬೇಕು. ಜಾರಿ ಮುಂದಕ್ಕೆ ಹೋಗುತ್ತಾ ಬಂದಿದೆ, ಆದರೆ ಕಾನೂನು ಇದೆ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿ. ಎರಡು ಎಕರೆ, ನಾಲ್ಕು ಎಕರೆಯ ಸಾವಿರಾರು ಸಣ್ಣ ಬೆಳೆಗಾರರ ಗಡಿ ಗುರುತಿಸಿ, ಯಾವ ಚೀಲ ಯಾವ ತೋಟದ್ದು ಅಂತ, ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ತನಕ ಲೆಕ್ಕ ಇಡಬೇಕು. ಬೆಂಗಳೂರಿನಲ್ಲಿ ಕೂತ ಹುಡುಗನಿಗೆ ಬಾಣೆ ಯಾವುದು, ಪೈಸಾರಿ (ಸರ್ಕಾರಿ ಜಾಗ) ಯಾವುದು, ನೆರಳಿನ ಮರ ಯಾವುದು, ಕಾಡು ಯಾವುದು ಅಂತ ಫೋಟೋ ನೋಡಿ ಗೊತ್ತಾಗೋದಿಲ್ಲ. ಮೇಲಿನಿಂದ ನೋಡಿದರೆ ನಮ್ಮ ಕಾಫಿ ತೋಟವೂ ಕಾಡಿನ ಹಾಗೇ ಕಾಣುತ್ತದೆ! ನಿಮ್ಮ ಊರಿನ ಹುಡುಗಿಗೆ ಅದು ಗೊತ್ತು. ಕೂಡ್ಲೂರು ಕೈಗಾರಿಕಾ ಪ್ರದೇಶದ ಕ್ಯೂರಿಂಗ್ ವರ್ಕ್ಸ್‌ಗಳು ನಿಮ್ಮ ಕಟ್ಟಡದಿಂದ ಎಷ್ಟು ದೂರ? ಗಿರಾಕಿ ಅಲ್ಲೇ ಇದ್ದಾನೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಮಳೆ, ಗುಡ್ಡ ಕುಸಿತದ ಮುನ್ಸೂಚನೆ, ತೋಟಕ್ಕೆ ಆನೆ ಬಂದದ್ದನ್ನು ಕೆಲಸದವರಿಗೆ ಮೊದಲೇ ತಿಳಿಸುವ ವ್ಯವಸ್ಥೆ, ಇವೂ ಇದೇ ಜಾತಿಯ ಕೆಲಸಗಳು.

ಇನ್ನೊಂದು, ಕುಶಾಲನಗರವನ್ನು ಮಡಿಕೇರಿಯ ಜೊತೆ ಸೇರಿಸಿ ಯೋಚಿಸುವುದನ್ನು ಬಿಟ್ಟು ಮೈಸೂರಿನ ಜೊತೆ ಸೇರಿಸಿ ಯೋಚಿಸಿ. ಮೈಸೂರಿಗೆ ಸುಮಾರು 85 ಕಿಲೋಮೀಟರ್. ಚತುಷ್ಪಥ ರಸ್ತೆ ಮುಗಿದರೆ ವಾರಕ್ಕೆರಡು ದಿನ ಮೈಸೂರಿನ ಕಚೇರಿಗೆ ಹೋಗಿ ಬರುವುದು ಕಷ್ಟವಲ್ಲ. ಆಗ ನಿಮ್ಮ ಮಗಳ ಎರಡನೇ ಕೆಲಸ ಮೈಸೂರಿನಲ್ಲಿರುತ್ತದೆ, ಮನೆ ಕುಶಾಲನಗರದಲ್ಲೇ ಇರುತ್ತದೆ.

ಕೊನೆಗೆ ನಿಮ್ಮ ಮಹಡಿ. ಇಪ್ಪತ್ತು ಜನರ ಒಂದು ಕಂಪನಿಗೆ ಕಾಯಬೇಡಿ. ಅದನ್ನು ನಾಲ್ಕು ಕೋಣೆ ಮಾಡಿ. ಮೂರು, ನಾಲ್ಕು ಜನರ ತಂಡಗಳಿಗೆ ತಿಂಗಳ ಲೆಕ್ಕದಲ್ಲಿ ಕೊಡಿ, ವರ್ಷದ ಅಗ್ರಿಮೆಂಟ್ ಕೇಳಬೇಡಿ. ಒಂದೇ ಮಹಡಿಯಲ್ಲಿ ನಾಲ್ಕು ತಂಡ ಇದ್ದರೆ ಒಂದು ಬಿಟ್ಟವರಿಗೆ ಇನ್ನೊಂದು ಬಾಗಿಲು ಕಾಣುತ್ತದೆ. ಬಾಡಿಗೆ ಇನ್ನೂ ಇಳಿಸುವ ಬದಲು ಆ ದುಡ್ಡನ್ನು ಎಂಟು ಗಂಟೆ ತಡೆಯುವ ಬ್ಯಾಟರಿಗೆ ಹಾಕಿ. ಎರಡನೇ ಇಂಟರ್‌ನೆಟ್ ಲೈನು ಹಾಕಿಸುವಾಗ ಕೇಬಲ್ ಯಾವ ರಸ್ತೆಯಲ್ಲಿ ಬರುತ್ತದೆ ಅಂತ ಲೈನ್‌ಮನ್ ಜೊತೆ ನಡೆದು ನೋಡಿ. ಮಗಳಿಗೆ 'ಬಂದುಬಿಡು' ಅನ್ನಬೇಡಿ. 'ನಿನ್ನ ಕಂಪನಿಯಲ್ಲಿ, ನಿನ್ನ ಸ್ನೇಹಿತರಲ್ಲಿ ಕೊಡಗಿನವರು ಎಷ್ಟು ಜನ ಇದ್ದಾರೆ, ಒಂದು ಪಟ್ಟಿ ಮಾಡು' ಅನ್ನಿ. ಅವರಲ್ಲಿ ಆರು ಜನ ಮಳೆ ಮುಗಿದ ಮೇಲೆ, ಹುತ್ತರಿಯಿಂದ ಫೆಬ್ರವರಿ ತನಕ, ಅಲ್ಲಿಂದಲೇ ಕೆಲಸ ಮಾಡೋಕೆ ಒಪ್ಪಬಹುದು. ಕಾಫಿ ಕೊಯ್ಲಿನ ಹೊತ್ತು, ಮನೆಯಲ್ಲೂ ಆಳು ಬೇಕಾದ ಹೊತ್ತು. ಮೊದಲ ಮೂರು ತಿಂಗಳು ಕರೆಂಟ್ ಬಿಲ್ ಮಾತ್ರ ತಗೊಳ್ಳಿ. ಫೆಬ್ರವರಿ ಮುಗಿದಾಗ ಎಷ್ಟು ಜನ ಉಳಿಯೋಕೆ ಇಷ್ಟಪಟ್ಟರು, ಹೋದವರು ಯಾಕೆ ಹೋದರು ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಆ ಹಾಳೆಯನ್ನು ನನಗೂ ಕಳಿಸಿ, ಮುಂದಿನ ಲೆಕ್ಕ ಇಬ್ಬರೂ ಕೂತು ಹಾಕೋಣ.